ಗುಣಮಟ್ಟ ನಿರ್ವಹಣೆ: ತಿಕೋಟಾದ ಒಣದ್ರಾಕ್ಷಿಯಿಂದ ಜಪಾನಿನವರೆಗೆ

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ 'ನಿಯಂತ್ರಣ' ಎಂಬ ಅಧ್ಯಾಯವಿದೆ. ಅದರ ಐದು ಹಂತಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಮಾನದಂಡ ಗೊತ್ತುಪಡಿಸುವುದು, ನಡೆದ ಕೆಲಸವನ್ನು ಅಳೆಯುವುದು, ಎರಡನ್ನೂ ಹೋಲಿಸುವುದು, ವ್ಯತ್ಯಾಸ ಯಾಕೆ ಬಂತೆಂದು ನೋಡುವುದು, ಸರಿಪಡಿಸುವುದು. ಪರೀಕ್ಷೆಗೆ ಇಷ್ಟು ಸಾಕು. ಆದರೆ ನಮ್ಮ ಸರ್ ಈ ಸಲ, "ಇದನ್ನು ನಿಮ್ಮೂರಿನ ಒಂದು ಉದ್ಯಮದಲ್ಲಿ ನೋಡಿಕೊಂಡು ಬಂದು ಬರೆಯಿರಿ" ಎಂದು ಪ್ರಾಜೆಕ್ಟ್ ಕೊಟ್ಟರು. ಗೆಳತಿಯರು ಬ್ಯಾಂಕು, ಬೇಕರಿ, ಬಟ್ಟೆ ಅಂಗಡಿ ಆರಿಸಿಕೊಂಡರು. ನಾನು ಒಣದ್ರಾಕ್ಷಿ ಆರಿಸಿಕೊಂಡೆ. ನಮ್ಮ ಅಮ್ಮಿ ಒಣದ್ರಾಕ್ಷಿಯ ಒಂದು ಘಟಕದಲ್ಲಿ ಗ್ರೇಡಿಂಗ್ ಕೆಲಸಕ್ಕೆ ಹೋಗುತ್ತಾರೆ. ಒಳಗೆ ಬಿಡಿ ಎಂದು ಹೊಸದಾಗಿ ಯಾರನ್ನೂ ಕೇಳಬೇಕಾಗಿರಲಿಲ್ಲ, ಕಾರಣ ಅಷ್ಟೇ.

ಆ ಘಟಕದ ಬಾಗಿಲ ಹತ್ತಿರ ಗೋಡೆಗೆ ಒಂದು ಬೋರ್ಡ್ ಹಾಕಿದ್ದಾರೆ. ಇಂಗ್ಲಿಷಿನಲ್ಲಿ ಹನ್ನೊಂದು ಸಾಲು. ಕೈ ತೊಳೆಯಬೇಕು, ತಲೆಗೆ ಟೋಪಿ ಇರಬೇಕು, ತೇವಾಂಶ ಇಷ್ಟಕ್ಕಿಂತ ಹೆಚ್ಚಿರಬಾರದು, ದೋಷ ಕಂಡರೆ ಕೂಡಲೇ ಮೇಲ್ವಿಚಾರಕರಿಗೆ ತಿಳಿಸಬೇಕು ಎಂದೆಲ್ಲ ಇದೆ. ಸಾಲಿನಲ್ಲಿ ಕುಳಿತು ಕಡ್ಡಿ, ಕಪ್ಪು ಕಾಳು ಆರಿಸುವವರು ಇಪ್ಪತ್ತು ಹೆಂಗಸರು. ಅವರಲ್ಲಿ ಅಮ್ಮಿಯಂಥ ನಾಲ್ವರು ಉರ್ದು ಓದುತ್ತಾರೆ, ಏಳೆಂಟು ಮಂದಿ ಕನ್ನಡ ಓದುತ್ತಾರೆ, ಜತ್ತ ಕಡೆಯಿಂದ ಬಂದ ಇಬ್ಬರಿಗೆ ಮರಾಠಿ ಬರುತ್ತದೆ. ಉಳಿದವರಿಗೆ ಓದು ಬರುವುದಿಲ್ಲ. ಬೋರ್ಡಿನಲ್ಲಿ ಏನು ಬರೆದಿದೆ ಎಂದು ಕೇಳಿದೆ. ಒಬ್ಬ ಅಕ್ಕ ನಕ್ಕು, "ಕಂಪನಿ ಹೆಸರ ಇರಬೇಕ ನೋಡವಾ" ಎಂದರು.

ಆ ಬೋರ್ಡಿನ ಹಿಂದೆ ದೊಡ್ಡ ಕಥೆಯೇ ಇದೆ. ಆಹಾರ ತಯಾರಿಸುವಾಗ ಅಪಾಯ ಎಲ್ಲೆಲ್ಲಿ ಬರಬಹುದೆಂದು ಮೊದಲೇ ಗುರುತಿಸಿ, ಆ ಜಾಗಗಳಲ್ಲೇ ಕಾವಲು ಇಡುವ 'ಹ್ಯಾಸಪ್' ಎಂಬ ಪದ್ಧತಿ 1960ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಬಾಹ್ಯಾಕಾಶಕ್ಕೆ ಹೋಗುವವರ ಊಟ ಕೆಡಬಾರದೆಂದು ನಾಸಾ ಮತ್ತು ಪಿಲ್ಸ್‌ಬರಿ ಕಂಪನಿ ಸೇರಿ ಅದನ್ನು ಕಟ್ಟಿದವು. ಚಂದ್ರನ ಕಡೆ ಹೊರಟವರಿಗಾಗಿ ಮಾಡಿದ ನಿಯಮ ಇವತ್ತು ನಮ್ಮ ಒಣದ್ರಾಕ್ಷಿ ಘಟಕದ ಗೋಡೆಯ ಮೇಲಿದೆ. ಆದರೆ ಗೋಡೆಯಿಂದ ಕೆಳಗೆ, ಸಾಲಿನಲ್ಲಿ ಕುಳಿತವರ ಕೈಗೆ ಬಂದಿಲ್ಲ.

ನನ್ನ ಪ್ರಾಜೆಕ್ಟಿನ ಪ್ರಶ್ನೆ ಅಲ್ಲಿಂದ ಹುಟ್ಟಿತು. ಒಂದು ದೇಶದಲ್ಲಿ ಚೆನ್ನಾಗಿ ನಡೆದ ಗುಣಮಟ್ಟದ ಪದ್ಧತಿ ಇನ್ನೊಂದು ದೇಶಕ್ಕೆ ಬಂದಾಗ ಕೆಲವು ಕಡೆ ಬೇರು ಬಿಡುತ್ತದೆ, ಕೆಲವು ಕಡೆ ಬೋರ್ಡಾಗಿಯೇ ಉಳಿಯುತ್ತದೆ. ಯಾಕೆ?

ಬೇರು ಬಿಟ್ಟದ್ದನ್ನು ಮೊದಲು ಹೇಳುತ್ತೇನೆ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತೊರವಿ ದಾಟಿ ತಿಕೋಟಾಕ್ಕೆ ಹೋಗಿ, ಇಲ್ಲವೇ ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರಕ್ಕೆ ಹೋಗಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತೋಟಗಳ ಮಗ್ಗುಲಲ್ಲಿ ಹಸಿರು ಪರದೆ ಇಳಿಬಿಟ್ಟ ಉದ್ದನೆಯ ಶೆಡ್ಡುಗಳು ಕಾಣುತ್ತವೆ. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟಣಿ, ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಇನ್ನೊಂದು. ಎರಡನೆಯದಕ್ಕೆ ಬಂದ ಗೊನೆಗಳಲ್ಲಿ ಸಕ್ಕರೆ 22 ಬ್ರಿಕ್ಸ್ ಹತ್ತಿರ ಬಂದಾಗ ಕೊಯ್ಯುತ್ತಾರೆ. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಕಲಸಿದ ದ್ರಾವಣದಲ್ಲಿ ಗೊನೆಗಳನ್ನು ಎರಡರಿಂದ ನಾಲ್ಕು ನಿಮಿಷ ಅದ್ದಿ, ಶೆಡ್ಡಿನೊಳಗೆ ಒಂದರ ಮೇಲೊಂದು ಕಟ್ಟಿದ ಬಲೆಯ ರ‍್ಯಾಕುಗಳ ಮೇಲೆ ಹರಡುತ್ತಾರೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದಂಥ ಪದರ ಇರುತ್ತದೆ. ದ್ರಾವಣ ಅದನ್ನು ಸಡಿಲಿಸುತ್ತದೆ, ಒಳಗಿನ ನೀರು ಬೇಗ ಹೊರಬರುತ್ತದೆ. ಹಾಗೇ ಒಣಗಿಸಿದರೆ ತಿಂಗಳು ಹಿಡಿಯುವ ಕೆಲಸ ಎರಡು ವಾರದ ಆಸುಪಾಸಿನಲ್ಲಿ ಮುಗಿಯುತ್ತದೆ. ಸುಮಾರು 4 ಕಿಲೋ ಹಸಿ ದ್ರಾಕ್ಷಿಗೆ 1 ಕಿಲೋ ಒಣದ್ರಾಕ್ಷಿ. ತೇವಾಂಶ ಶೇ. 15ರ ಹತ್ತಿರ ನಿಲ್ಲಬೇಕು.

ಇದು ನಮ್ಮೂರಿನದೇ ಪದ್ಧತಿ ಎಂದು ನಾನು ತಿಳಿದಿದ್ದೆ. ಅಲ್ಲ. ಬಹಳ ಹಿಂದೆ ಭೂಮಧ್ಯ ಸಮುದ್ರದ ಸುತ್ತಲಿನ ದೇಶಗಳಲ್ಲಿ ಕಟ್ಟಿಗೆಯ ಬೂದಿ ನೀರಿಗೆ ಆಲಿವ್ ಎಣ್ಣೆ ಬೆರೆಸಿ ದ್ರಾಕ್ಷಿ ಅದ್ದುತ್ತಿದ್ದರು. ಆಸ್ಟ್ರೇಲಿಯಾದ ಮಿಲ್ಡ್ಯೂರಾ ಭಾಗದ ಬೆಳೆಗಾರರು ಅದನ್ನು ತಣ್ಣನೆಯ ದ್ರಾವಣವಾಗಿ ಮಾರ್ಪಡಿಸಿ, ಹಂತಹಂತದ ರ‍್ಯಾಕುಗಳ ಮೇಲೆ ಒಣಗಿಸತೊಡಗಿದರು. ನಮ್ಮ ಶೆಡ್ಡುಗಳಲ್ಲಿ ನಡೆಯುವುದು ಅದೇ ಪದ್ಧತಿ, ಒಂದು ಬದಲಾವಣೆಯೊಂದಿಗೆ. ನಮ್ಮ ಮಾರುಕಟ್ಟೆಯಲ್ಲಿ ಹಸಿರು ಬಣ್ಣದ ಒಣದ್ರಾಕ್ಷಿಗೆ ಬೆಲೆ ಹೆಚ್ಚು. ನೇರ ಬಿಸಿಲು ಬಿದ್ದರೆ ಕಾಳು ಕಂದಾಗುತ್ತದೆ. ಅದಕ್ಕೇ ಈ ನೆರಳು ಪರದೆ.

ಬಬಲೇಶ್ವರ ಕಡೆಯ ಒಬ್ಬ ರೈತರನ್ನು, "ಇದನ್ನ ಯಾರ ಕಲಿಸಿದರ ಕಾಕಾ?" ಎಂದು ಕೇಳಿದೆ. "ಯಾರ ಕಲಿಸ್ತಾರ? ಬಾಜೂ ತೋಟದಾಂವ ಹಾಕಿದ್ದ, ನೋಡಿದ್ವಿ, ನಾವೂ ಹಾಕಿದ್ವಿ" ಎಂದರು. ಈ ಪದ್ಧತಿ ಯಾಕೆ ನಿಂತಿತು ಎಂಬುದಕ್ಕೆ ಉತ್ತರ ಇದರಲ್ಲೇ ಇದೆ. ಫಲ ಎರಡೇ ವಾರದಲ್ಲಿ ಕಣ್ಣಿಗೆ ಕಾಣುತ್ತದೆ. ಲಾಭ ಮಾಡಿದವನಿಗೇ ಸಿಗುತ್ತದೆ. ಬೇಕಾದ ಸಾಮಾನು ಊರಿನ ಅಂಗಡಿಯಲ್ಲಿದೆ. ನಮ್ಮ ಬಿಸಿಲಿಗೂ ನಮ್ಮ ಗಿರಾಕಿಯ ರುಚಿಗೂ ಹೊಂದುವಂತೆ ಅದನ್ನು ತಿದ್ದಿಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಎರಡನೆಯದಾಗಿ ಹೊರಗಿನಿಂದ ಬಂದದ್ದು ಔಷಧಿ ಶೇಷದ ನಿಯಮ. ಇದು ಅಷ್ಟು ಸುಲಭವಾಗಿ ಬರಲಿಲ್ಲ. 2003ರಲ್ಲಿ ಯೂರೋಪಿಗೆ ಹೋದ ಭಾರತದ ಹಸಿ ದ್ರಾಕ್ಷಿಯಲ್ಲಿ ಕೀಟನಾಶಕದ ಅಂಶ ಮಿತಿ ಮೀರಿದೆ ಎಂದು ಅಲ್ಲಿ ಎಚ್ಚರಿಕೆ ಹೊರಟಿತು. ಆಮೇಲೆ ನಮ್ಮಲ್ಲಿ ಶೇಷ ಪರೀಕ್ಷೆಯ ವ್ಯವಸ್ಥೆ ಶುರುವಾಯಿತು. 2006ರಲ್ಲಿ ಅಪೆಡಾ ಸಂಸ್ಥೆ 'ಗ್ರೇಪ್‌ನೆಟ್' ಎಂಬ ಕಂಪ್ಯೂಟರ್ ಜಾಲ ತಂದಿತು. ರಫ್ತು ಮಾಡುವ ಪ್ರತಿ ತೋಟ ಅದರಲ್ಲಿ ನೋಂದಣಿಯಾಗಬೇಕು, ಮಾನ್ಯತೆ ಪಡೆದ ಪ್ರಯೋಗಾಲಯದವರು ಮಾದರಿ ತೆಗೆಯಬೇಕು, ಪಾಸಾದರೆ ಮಾತ್ರ ಪ್ಯಾಕಿಂಗ್. ಲಂಡನ್ನಿನ ಅಂಗಡಿಯಲ್ಲಿರುವ ಒಂದು ಪೆಟ್ಟಿಗೆ ಯಾವ ತೋಟದ್ದು ಎಂದು ಹಿಂದಕ್ಕೆ ಹುಡುಕಿಕೊಂಡು ಬರಬಹುದು. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಈ ಪ್ರಯೋಗಾಲಯಗಳಿಗೆಲ್ಲ ಮೇಲಿನ ಪ್ರಯೋಗಾಲಯ.

ಇಷ್ಟಾದರೂ 2010ರಲ್ಲಿ ದೊಡ್ಡ ಏಟು ಬಿತ್ತು. ಬಳ್ಳಿ ಅತಿಯಾಗಿ ಹಬ್ಬದಂತೆ ನಮ್ಮ ರೈತರು ಬಳಸುವ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ವಸ್ತು, ಎಲ್ಲರ ಬಾಯಲ್ಲಿ ಸಿಸಿಸಿ, ಯೂರೋಪಿನ ಮಿತಿಯಾದ ಕಿಲೋಗೆ 0.05 ಮಿಲಿಗ್ರಾಂಗಿಂತ ಹೆಚ್ಚು ಸಿಕ್ಕಿತೆಂದು ಕಂಟೇನರುಗಳು ಅಲ್ಲೇ ನಿಂತವು. ನಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಆ ವಸ್ತುವೇ ಇರಲಿಲ್ಲ. ಅಂದರೆ ನಾವು ಅಳೆಯುತ್ತಿದ್ದೆವು, ಆದರೆ ಕೊಳ್ಳುವವನು ಅಳೆಯುವುದನ್ನು ಅಳೆಯುತ್ತಿರಲಿಲ್ಲ. ಅಧ್ಯಾಯದ ಒಂದನೆಯ ಹಂತ ತಪ್ಪಿದರೆ ಉಳಿದ ನಾಲ್ಕನ್ನು ಎಷ್ಟು ಶಿಸ್ತಾಗಿ ಮಾಡಿದರೂ ಪ್ರಯೋಜನವಿಲ್ಲ ಎಂಬುದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ನಮ್ಮ ಪುಸ್ತಕದಲ್ಲೂ ಇಲ್ಲ. ಮುಂದೆ ಆ ವಸ್ತುವನ್ನು ಪಟ್ಟಿಗೆ ಸೇರಿಸಿದರು, ರಫ್ತು ಮುಂದುವರಿಯಿತು.

ಒಬ್ಬ ಸಣ್ಣ ರೈತ ಈ ಪರೀಕ್ಷೆ, ಪ್ರಮಾಣಪತ್ರ, ಶೀತಲಗೃಹಗಳ ಖರ್ಚನ್ನು ಒಬ್ಬನೇ ಹೊರಲಾರ. ನಮ್ಮ ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳಿದರೆ ಇವು ಸ್ಥಿರ ವೆಚ್ಚಗಳು, ಹೆಚ್ಚು ಮಾಲಿನ ಮೇಲೆ ಹಂಚಿದಷ್ಟೂ ಹಗುರ. ಮಹಾರಾಷ್ಟ್ರದ ಬೆಳೆಗಾರರ ಸಹಕಾರ ಸಂಘಗಳು 1991ರಲ್ಲೇ ಸೇರಿ 'ಮಹಾಗ್ರೇಪ್ಸ್' ಕಟ್ಟಿದ್ದು ಇದಕ್ಕೇ. ಯೂರೋಪಿನ ಅಂಗಡಿ ಸರಪಳಿಗಳು 1997ರಲ್ಲಿ ಶುರು ಮಾಡಿ, 2007ರಲ್ಲಿ 'ಗ್ಲೋಬಲ್ ಗ್ಯಾಪ್' ಎಂದು ಹೆಸರು ಬದಲಿಸಿದ ಪ್ರಮಾಣಪತ್ರದಲ್ಲೂ ರೈತರು ಗುಂಪಾಗಿ ಪಡೆಯುವ ದಾರಿಯಿದೆ. ಗುಂಪು ಇರುವ ಕಡೆ ನಿಯಮ ಬೇಗ ನೆಲೆಸುತ್ತದೆ ಎಂದು ನನಗೆ ಅನ್ನಿಸುತ್ತದೆ.

ಆದರೆ ನಮ್ಮ ತಿಕೋಟಾ, ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ ಹೆಚ್ಚಾಗಿ ಒಣದ್ರಾಕ್ಷಿಯಾಗುತ್ತದೆ. ಅದು ತಾಸಗಾಂವ, ಸಾಂಗ್ಲಿ ಪೇಟೆಗೋ ವಿಜಯಪುರದ ಎಪಿಎಂಸಿಗೋ ಹೋಗಿ, ದೇಶದೊಳಗೇ ಖರ್ಚಾಗುತ್ತದೆ. ಅಲ್ಲಿ ವ್ಯಾಪಾರಿ ಮಾಲನ್ನು ಅಂಗೈಯಲ್ಲಿ ಹರವಿ ನೋಡುತ್ತಾನೆ. ಬಣ್ಣ, ಉದ್ದ, ದುಂಡು, ಮೃದುತನ ಇಷ್ಟಕ್ಕೇ ಬೆಲೆ. ಔಷಧಿ ಶೇಷ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಅದಕ್ಕೆ ಬೆಲೆಯಿಲ್ಲ. ಬಣ್ಣ ಬರಲೆಂದು ಕೊಡುವ ಗಂಧಕದ ಹೊಗೆಯನ್ನೇ ನೋಡಿ. ಯೂರೋಪಿನಲ್ಲಿ ಸಲ್ಫೈಟ್ ಕಿಲೋಗೆ 10 ಮಿಲಿಗ್ರಾಂ ದಾಟಿದರೆ ಪೊಟ್ಟಣದ ಮೇಲೆ ಬರೆಯಲೇಬೇಕು, ಕೆಲವರಿಗೆ ಅದರಿಂದ ಉಸಿರಾಟದ ತೊಂದರೆ ಬರುತ್ತದೆಂದು. ನಮ್ಮ ಪೇಟೆಯಲ್ಲಿ ಬಿಡಿಯಾಗಿ ತೂಗಿ ಕೊಡುವ ಕಿಶ್ಮಿಶ್‌ಗೆ ಪೊಟ್ಟಣವೇ ಇರುವುದಿಲ್ಲ. ರಂಜಾನಿಗೆ ಶೀರ್ ಖುರ್ಮಾಕ್ಕೆಂದು ಕೊಳ್ಳುವಾಗ ನಾನೂ ಹೊಳೆಯುವ ಹಳದಿ ಕಾಳನ್ನೇ ಬೆರಳಿಟ್ಟು ತೋರಿಸುತ್ತಿದ್ದೆ. ಗಿರಾಕಿ ಯಾವುದಕ್ಕೆ ದುಡ್ಡು ಕೊಡುತ್ತಾನೋ ಅದೇ ಆಗುತ್ತದೆ, ಬೋರ್ಡಿನಲ್ಲಿ ಏನೇ ಇರಲಿ.

ಈಗ ಜಪಾನಿಗೆ ಹೋಗಬೇಕು, ಯಾಕೆಂದರೆ ಗುಣಮಟ್ಟದ ಮಾತು ಬಂದಲ್ಲೆಲ್ಲ ಜಪಾನಿನ ಹೆಸರು ಬರುತ್ತದೆ. ಅದರ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: "ಅಲ್ಲಿಯವರಿಗೆ ಶಿಸ್ತಿದೆ, ನಮ್ಮವರಿಗೆ ಇಲ್ಲ." ನಮ್ಮ ಕ್ಲಾಸಿನಲ್ಲೂ ಚರ್ಚೆ ನಡೆದಾಗ ಅರ್ಧ ಜನ ಇದನ್ನೇ ಹೇಳಿದರು. ಸ್ವಲ್ಪ ಓದಿದ ಮೇಲೆ ನಾನು ಇದನ್ನು ಒಪ್ಪುವುದನ್ನು ಬಿಟ್ಟಿದ್ದೇನೆ.

ಎರಡನೇ ಮಹಾಯುದ್ಧದ ನಂತರ ಜಪಾನಿನ ಮಾಲು ಎಂದರೆ ಅಗ್ಗದ, ಬೇಗ ಕೆಡುವ ಮಾಲು ಎಂದೇ ಹೆಸರಾಗಿತ್ತು. 1950ರಲ್ಲಿ ಅಲ್ಲಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರನ್ನು ಕರೆಸಿ ಪಾಠ ಹೇಳಿಸಿತು. ತಯಾರಾದ ಮೇಲೆ ಕೆಟ್ಟದ್ದನ್ನು ಆರಿಸಿ ಎಸೆಯುವುದಲ್ಲ, ಕೆಡದ ಹಾಗೆ ತಯಾರಿಸಿ, ಅಳತೆ ಬರೆದಿಡಿ, ದೋಷದ ಕಾರಣವನ್ನು ಆಳಿನಲ್ಲಿ ಹುಡುಕುವ ಮೊದಲು ವ್ಯವಸ್ಥೆಯಲ್ಲಿ ಹುಡುಕಿ ಎಂಬುದು ಅವರ ಪಾಠದ ತಿರುಳು. 1951ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿಯೇ ಶುರುವಾಯಿತು. 1962ರಲ್ಲಿ ಜಪಾನಿನಲ್ಲಿ ಗುಣಮಟ್ಟ ವೃತ್ತಗಳು ಬಂದವು. ಕೆಲಸಗಾರರೇ ಏಳೆಂಟು ಮಂದಿ ಕುಳಿತು ತಮ್ಮ ಕೆಲಸದ ದೋಷಕ್ಕೆ ದಾರಿ ಹುಡುಕುವ ಗುಂಪು ಅದು. ಅಂದರೆ ಅಮೆರಿಕದ ವಿಚಾರ ಜಪಾನಿನಲ್ಲಿ ಬೇರು ಬಿಟ್ಟಿತು. ಇದು ಜಪಾನಿನವರ ರಕ್ತದಲ್ಲಿ ಮೊದಲೇ ಇದ್ದದ್ದಲ್ಲ.

ತಮಾಷೆಯೆಂದರೆ 1980ರ ಹೊತ್ತಿಗೆ ಅಮೆರಿಕದ ಕಂಪನಿಗಳು ಅದನ್ನೇ ಜಪಾನಿನಿಂದ ಕಲಿಯಲು ಓಡಾಡತೊಡಗಿದವು. ಅವರಲ್ಲಿ ಹಲವರು ವೃತ್ತಗಳನ್ನು ಮಾಡಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟರು. ಕೆಲಸಗಾರರು ಸಲಹೆ ಕೊಡುತ್ತಿದ್ದರು, ಮೇಲಿನವರು ಅದನ್ನು ಜಾರಿ ಮಾಡುತ್ತಿರಲಿಲ್ಲ.

ಹಾಗಾದರೆ ಎಲ್ಲಿ ನಡೆಯಿತು? ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್‌ನ ಒಂದು ಕಾರು ಕಾರ್ಖಾನೆ ಇತ್ತು. ಅಲ್ಲಿ ಜಗಳ, ಮುಷ್ಕರ, ಕಳಪೆ ಕೆಲಸ. ಎಷ್ಟೋ ದಿನ ಐವರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. 1982ರಲ್ಲಿ ಅದನ್ನು ಮುಚ್ಚಿದರು. 1984ರಲ್ಲಿ ಟೊಯೋಟಾ ಜೊತೆ ಸೇರಿ 'ನುಮ್ಮಿ' ಎಂಬ ಹೆಸರಿನಲ್ಲಿ ಮತ್ತೆ ತೆರೆದಾಗ ತೆಗೆದುಕೊಂಡವರಲ್ಲಿ ಬಹುಪಾಲು ಹಳೆಯ ಕೆಲಸಗಾರರೇ, ಅದೇ ಕಾರ್ಮಿಕ ಸಂಘ. ನೂರಾರು ಮಂದಿಯನ್ನು ತರಬೇತಿಗೆ ಜಪಾನಿಗೆ ಕಳಿಸಿದರು. ಸಾಲಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿದರು. ದೋಷ ಕಂಡ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು, ಎಳೆದರೆ ತಂಡದ ಮುಖ್ಯಸ್ಥ ಓಡಿ ಬಂದು ಸಹಾಯ ಮಾಡುತ್ತಾನೆ. ಆಗಲೂ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾರುಗಳು ಅಮೆರಿಕದ ಒಳ್ಳೆಯ ಕಾರುಗಳ ಸಾಲಿಗೆ ಬಂದವು, ಗೈರುಹಾಜರಿ ಶೇ. 2ರ ಹತ್ತಿರ ಇಳಿಯಿತು. ಜನ ಅವರೇ, ದೇಶ ಅದೇ. "ನಮ್ಮವರಿಗೆ ಶಿಸ್ತಿಲ್ಲ" ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ಗೊತ್ತಿಲ್ಲ.

ಆದರೆ ಅದೇ ಜನರಲ್ ಮೋಟರ್ಸ್ ತನ್ನ ಇತರ ಕಾರ್ಖಾನೆಗಳಿಗೆ ಇದನ್ನು ಒಯ್ಯಲು ಹೋದಾಗ ಕಷ್ಟವಾಯಿತು. ಹಗ್ಗ ಕಟ್ಟಿದರು, ಎಳೆದವನ ಮೇಲೆ ಮೇಲ್ವಿಚಾರಕ ಕಣ್ಣು ಕೆಂಪು ಮಾಡಿದ. ಹಗ್ಗ ತರುವುದು ಸುಲಭ, ಎಳೆದವನಿಗೆ ಏನೂ ಆಗುವುದಿಲ್ಲ ಎಂಬ ಭರವಸೆ ತರುವುದು ಕಷ್ಟ.

ನಮ್ಮ ದೇಶದಲ್ಲೂ ಇದೇ ಮಿಶ್ರ ಕಥೆ. 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್‌ನಲ್ಲಿ ಗುಣಮಟ್ಟ ವೃತ್ತಗಳು ಆರಂಭವಾದವು. 1998ರಲ್ಲಿ ಸುಂದರಂ ಕ್ಲೇಟನ್ ಡೆಮಿಂಗ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಕಂಪನಿಯಾಯಿತು. ನಮ್ಮ ಕರ್ನಾಟಕದ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ 1999ರ ಕೊನೆಯಲ್ಲಿ ಕಾರು ತಯಾರಿ ಶುರು ಮಾಡಿತು. ಅಲ್ಲಿ 2006ರಲ್ಲಿ ಮುಷ್ಕರ, ಲಾಕೌಟ್ ಎಲ್ಲ ಆದವು. 2007ರಲ್ಲಿ ಅದೇ ಆವರಣದಲ್ಲಿ ತರಬೇತಿ ಸಂಸ್ಥೆ ತೆರೆದು, ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಮಕ್ಕಳನ್ನು ಮೂರು ವರ್ಷ ಅಲ್ಲೇ ಇರಿಸಿಕೊಂಡು ಕಲಿಸತೊಡಗಿದರು. ಕಲಿಸಲು ಮೂರು ವರ್ಷ! ನಮ್ಮ ಘಟಕದಲ್ಲಿ ಹೊಸಬರಿಗೆ ಕಲಿಸುವುದು ಪಕ್ಕದಲ್ಲಿ ಕುಳಿತ ಹೆಂಗಸು, ಅರ್ಧ ಗಂಟೆ.

ಐಎಸ್‌ಒ 9001 ಎಂಬ ಜಗತ್ತಿನ ಹೆಸರಾಂತ ಮಾನದಂಡವೂ ಇದನ್ನು ನಿಧಾನವಾಗಿ ಕಲಿಯಿತು ಎನ್ನಬಹುದು. 1987ರ ಮೊದಲ ಆವೃತ್ತಿಯಲ್ಲಿ ದಾಖಲೆ, ಕಡತಗಳದ್ದೇ ಭಾರ. 2015ರ ಆವೃತ್ತಿಯಲ್ಲಿ ಗುಣಮಟ್ಟ ಕೈಪಿಡಿ ಇರಲೇಬೇಕೆಂಬ ಕಡ್ಡಾಯವನ್ನೇ ತೆಗೆದು, ನಾಯಕತ್ವ, ಜನರ ಪಾಲ್ಗೊಳ್ಳುವಿಕೆಗೆ ಹೆಚ್ಚು ಜಾಗ ಕೊಟ್ಟರು.

ಇದನ್ನೆಲ್ಲ ಓದುವಾಗ ನನ್ನ ತಲೆಯಲ್ಲಿ ಇದ್ದದ್ದು ಹಿಂದಿನ ವರ್ಷದ ಒಂದು ಘಟನೆ. ಮಾರ್ಚ್‌ನಲ್ಲಿ ಅಮ್ಮಿಯವರ ಸಾಲಿಗೆ ಒಂದು ಲಾಟ್ ಮಣೂಕ ಬಂತು. ಒಣಗಿದ ಕಾಳನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಬಿಡಿಬಿಡಿಯಾಗಿ ಉದುರಬೇಕು. ಇದು ಉಂಡೆಯಾಗಿ ನಿಂತಿತು. ಮುಟ್ಟಿದ ಎಲ್ಲ ಹೆಂಗಸರಿಗೂ ಹಸಿ ಇದೆಯೆಂದು ಗೊತ್ತಾಯಿತು. ಯಾರೂ ಹೇಳಲಿಲ್ಲ. ಆರಿಸಿದರು, ತೂಗಿದರು, ಪೆಟ್ಟಿಗೆಗೆ 15 ಕಿಲೋದಂತೆ ತುಂಬಿದರು, ಮಾಲು ಕೋಲ್ಡ್ ಸ್ಟೋರೇಜಿಗೆ ಹೋಯಿತು. ಜುಲೈನಲ್ಲಿ ಪೆಟ್ಟಿಗೆ ತೆಗೆದಾಗ ಗಂಟುಗಟ್ಟಿ, ಹುಳಿ ವಾಸನೆ. ಕೊಂಡ ವ್ಯಾಪಾರಿ ಬೆಲೆ ಮುರಿದ. ಘಟಕದಲ್ಲಿ ಸಿಟ್ಟು ಇಳಿದದ್ದು ಸಾಲಿನ ಮೇಲೆ: ಆ ದಿನ ಕೆಲಸದಲ್ಲಿದ್ದ ಆರು ಮಂದಿಗೆ ಎರಡು ವಾರ ಬರಬೇಡಿ ಎಂದರು. ಅಮ್ಮಿ ಅವರಲ್ಲಿ ಒಬ್ಬರು. ಆ ತಿಂಗಳು ನನ್ನ ಕಾಲೇಜು ಫೀಸಿನ ಎರಡನೆಯ ಕಂತು ತಡವಾಯಿತು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಮ್ಮಿ?" ಎಂದು ಆಗ ನಾನು ರೇಗಿದ್ದೆ. ಅಮ್ಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹಮ್ನಾ ಕೌನ್ ಪೂಛ್ತಾ?" ಎಂದರು. ನಮ್ಮನ್ನು ಯಾರು ಕೇಳುತ್ತಾರೆ ಎಂದು. ಈ ಸಲ ಪ್ರಾಜೆಕ್ಟಿಗಾಗಿ ಮತ್ತೆ ಕೇಳಿದಾಗ ಪೂರ್ತಿ ಲೆಕ್ಕ ಹೇಳಿದರು. ಕೂಲಿ ಕಿಲೋ ಲೆಕ್ಕದಲ್ಲಿ. ಆರಿಸಿ ತೂಕಕ್ಕೆ ಹಾಕಿದಷ್ಟಕ್ಕೆ ದುಡ್ಡು. ಹಸಿ ಇದೆಯೆಂದು ಒಂದು ಕ್ರೇಟ್ ಬದಿಗಿಟ್ಟರೆ ಅದು ತೂಕಕ್ಕೆ ಬರುವುದಿಲ್ಲ. ಇಡೀ ಲಾಟ್ ಹಿಂದೆ ಕಳಿಸಿದರೆ ಆ ದಿನ ಇಪ್ಪತ್ತು ಮಂದಿಯ ಕೂಲಿ ಹೋಯಿತು, ಅದೂ ಹೇಳಿದವಳ ಬಾಯಿಂದ. ಮೇಲಾಗಿ ಹಸಿ ಮಾಲು ತೂಕ ಹೆಚ್ಚು ಬರುತ್ತದೆ!

ನಮ್ಮ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಟೇಲರ್ ಅವರ ಭಿನ್ನ ತುಂಡುಗೂಲಿ ಪದ್ಧತಿ ಇದೆ. ಹೆಚ್ಚು ಮಾಡಿದವನಿಗೆ ಹೆಚ್ಚು ದರ. ಓದುವಾಗ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಡೆಮಿಂಗ್ ತಮ್ಮ ಹದಿನಾಲ್ಕು ಅಂಶಗಳಲ್ಲಿ ಭಯ ಓಡಿಸಿ ಎಂದೂ, ಕೆಲಸಗಾರರ ಮೇಲಿನ ಸಂಖ್ಯೆಯ ಗುರಿ ತೆಗೆಯಿರಿ ಎಂದೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡೂ ಒಂದೇ ಪರೀಕ್ಷೆಗೆ ಬರುವ ವಿಷಯಗಳಾದರೆ ಯಾರು ಸರಿ ಎಂದು ಬರೆಯುವುದು? ಅಮ್ಮಿಯ ಸಾಲಿನಲ್ಲಿ ಕುಳಿತು ನೋಡಿದ ಮೇಲೆ, ಬೋರ್ಡಿನ ಹನ್ನೊಂದನೆಯ ಸಾಲೂ ಕೂಲಿಯ ಪದ್ಧತಿಯೂ ಒಂದಕ್ಕೊಂದು ವಿರುದ್ಧ ಎಂದು ನಾನು ಬರೆದೆ. ಬೋರ್ಡ್ ಹೇಳು ಎನ್ನುತ್ತದೆ, ತಕ್ಕಡಿ ಸುಮ್ಮನಿರು ಎನ್ನುತ್ತದೆ. ಹೆಂಗಸರು ತಕ್ಕಡಿಯ ಮಾತು ಕೇಳಿದರು.

ಅಮ್ಮಿ ಇನ್ನೊಂದನ್ನೂ ನೆನಪಿಸಿದರು. ಪ್ರವಾದಿ (ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಾಗಿದ ಪ್ರಸಂಗ ನಮಗೆಲ್ಲ ಗೊತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಹಾಗಿದ್ದರೆ ಜನಕ್ಕೆ ಕಾಣುವಂತೆ ಅದನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಕೇಳಿದರಂತೆ. ನಾನು ಇದನ್ನು ಮೋಸ ಮಾಡಬಾರದೆಂಬ ಪಾಠವಾಗಿಯೇ ಕೇಳಿದ್ದೆ. ಅಮ್ಮಿ ಹೇಳಿದ್ದು ಬೇರೆ: "ಅವರು ಕೈ ಹಾಕಿ ನೋಡಿದರು. ನಮ್ಮಲ್ಲಿ ಕೈ ಹಾಕುವವರು ನಾವು, ನೋಡುವವರು ಬೇರೆ."

ಮಾಲೀಕರ ಜೊತೆ ಮಾತಾಡಲು ನನಗೆ ಧೈರ್ಯ ಇರಲಿಲ್ಲ. ಪ್ರಾಜೆಕ್ಟ್ ಎಂದು ಹೇಳಿ ಹೋದೆ. ಅವರು ಕೆಟ್ಟವರಲ್ಲ. ಚಹಾ ತರಿಸಿ ಎಲ್ಲ ಕೇಳಿಸಿಕೊಂಡರು. "ನನಗೂ ಪಾರ್ಟಿ ಕಿಲೋ ಲೆಕ್ಕದಾಗ ಕೊಡ್ತಾನವಾ, ದಿನಗೂಲಿ ಮಾಡಿದರ ನಾ ಉಳಿಯೂದಿಲ್ಲ" ಎಂದರು. ಅದೂ ಸುಳ್ಳಲ್ಲ. ತೇವಾಂಶ ಅಳೆಯುವ ಮೀಟರ್ ವಿಷಯ ತೆಗೆದಾಗ ಮಾತು ಬದಲಿಸಿದರು. ಕೊನೆಗೆ ಎರಡಕ್ಕೆ ಒಪ್ಪಿದರು. ಒಂದು, ಬೋರ್ಡನ್ನು ಕನ್ನಡ, ಉರ್ದು, ಮರಾಠಿಯಲ್ಲಿ ಬರೆದು, ಓದು ಬಾರದವರಿಗಾಗಿ ಮುಷ್ಟಿಯ ಚಿತ್ರ ಹಾಕುವುದು. ಎರಡು, ಸಾಲಿನ ತುದಿಯಲ್ಲಿ ಒಂದು ಕೆಂಪು ಕ್ರೇಟ್ ಇಡುವುದು. ಹಸಿ ಎಂದು ಅನುಮಾನ ಬಂದ ಮಾಲನ್ನು ಯಾರು ಬೇಕಾದರೂ ಅದಕ್ಕೆ ಹಾಕಬಹುದು. ಮುಖ್ಯವಾದದ್ದೆಂದರೆ, ಆ ಕ್ರೇಟಿನ ತೂಕವೂ ಹಾಕಿದವರ ಕೂಲಿಗೆ ಸೇರುತ್ತದೆ. ಎರಡನೆಯದಕ್ಕೆ ಒಪ್ಪಿಸಲು ಜುಲೈನಲ್ಲಿ ಮುರಿದ ಬೆಲೆಯ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಬೇಕಾಯಿತು. ಕಾಮರ್ಸ್ ಓದಿದ್ದು ಅಲ್ಲಿ ಉಪಯೋಗಕ್ಕೆ ಬಂತು.

ಫೆಬ್ರುವರಿ ಮೊದಲ ವಾರ ಕ್ರೇಟ್ ಇಟ್ಟರು. ಮೊದಲ ದಿನ ಖಾಲಿ. ಎರಡನೆಯ ದಿನವೂ ಖಾಲಿ. ಕೂಲಿ ನಿಜವಾಗಿ ಬರುತ್ತದೋ ಇಲ್ಲವೋ ಎಂದು ಎಲ್ಲರೂ ಕಾಯುತ್ತಿದ್ದರು. ಮೂರನೆಯ ದಿನ ಅಮ್ಮಿ ಎರಡು ಬೊಗಸೆ ಹಾಕಿದರು, ನಾಲ್ಕನೆಯ ದಿನ ಜತ್ತದ ಮಾವಶಿ ಅರ್ಧ ಕ್ರೇಟ್ ಹಾಕಿದರು. ಶನಿವಾರ ಲೆಕ್ಕದಲ್ಲಿ ಆ ತೂಕ ಸೇರಿ ಬಂತು. ಮುಂದಿನ ವಾರದಿಂದ ಕ್ರೇಟ್ ದಿನಾ ತುಂಬತೊಡಗಿತು. ಲಾಟ್ ನಂಬರ್ ಬರೆದಿಟ್ಟು ನೋಡಿದರೆ ಮುಕ್ಕಾಲು ಪಾಲು ಒಂದೇ ತೋಟದ ಮಾಲು. ಅವರ ಶೆಡ್ಡಿನಲ್ಲಿ ಕೆಳಗಿನ ರ‍್ಯಾಕಿಗೆ ಗಾಳಿ ಆಡುತ್ತಿರಲಿಲ್ಲವಂತೆ. ಮಾಲೀಕರು ಫೋನ್ ಮಾಡಿ ಹೇಳಿದ ಮೇಲೆ ಅವರು ಕೆಳಗಿನ ಹಂತದ್ದನ್ನು ಮೂರು ದಿನ ತಡವಾಗಿ ಇಳಿಸುತ್ತಿದ್ದಾರೆ.

ಮೀಟರ್ ಬಗ್ಗೆ ಯುಗಾದಿ ಆದ ಮೇಲೆ ನೋಡೋಣ ಎಂದಿದ್ದಾರೆ. ದರ ಹೆಚ್ಚಿಸುವ ಮಾತು ಎತ್ತಿಲ್ಲ, ನಾನೂ ಎತ್ತಲಿಲ್ಲ. ಹೊಸ ಬೋರ್ಡಿನ ಕನ್ನಡ ನಾನು ಬರೆದೆ, ಮರಾಠಿಯನ್ನು ಜತ್ತದ ಮಾವಶಿಯ ಮಗ ಬರೆದುಕೊಟ್ಟ. ಉರ್ದುವಿನಲ್ಲಿ ನಾನು ಮಾಡಿದ್ದ ಎರಡು ಕಾಗುಣಿತದ ತಪ್ಪನ್ನು ಅಮ್ಮಿ ಎಲ್ಲರ ಮುಂದೆಯೇ ಹಿಡಿದು, ಪೇಂಟರ್ ಬರುವ ಮೊದಲು ತಿದ್ದಿಸಿದರು.